ಮಳೆಗಾಲವಿಡೀ ಬೈಯುತ್ತಿದ್ದ ಹೋಟೆಲಿನ ಅಣ್ಣ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹುಡುಗರಾಗಿದ್ದಾಗ ಯಾವುದೋ ಹೋಟೆಲಿನ ರುಬ್ಬುವ ಕಲ್ಲಿಗೆ ಸಿಕ್ಕಿ ಹೋದದ್ದು ಮತ್ತೆ ಬರಲೇ ಇಲ್ಲವಂತೆ. ಆ ಬೋಳು ಬೆರಳಿನಿಂದ ಅವರು ಮೊಬೈಲನ್ನು ತಿವಿಯುತ್ತಿದ್ದರೆ ಗಾಜು ಒಡೆದು ಬೆರಳು ಆಚೆ ಬಂದೀತು ಅನ್ನಿಸುತ್ತಿತ್ತು. ವರ್ಷವಿಡೀ ಹೀಗೆ ತಿವಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ. ಮೈದಾನ ಕೆಸರಾಗಿ ಫುಟ್‌ಬಾಲ್ ನಿಂತ ತಿಂಗಳುಗಳಲ್ಲಿ ನಮ್ಮ ಕ್ಲಬ್ಬಿನವರು ಯಾರನ್ನು ಬಿಟ್ಟರು, ಯಾರನ್ನು ತಂದರು ಎಂಬ ಸುದ್ದಿ ಅದರಲ್ಲಿ ಬರುತ್ತಿತ್ತು. ಓದುವುದು, ತಿವಿಯುವುದು, "ಹಾಳಾಗಿ ಹೋಗ್ಲಿ ಇವರ ಕ್ಲಬ್ಬು" ಅನ್ನುವುದು. ಆಮೇಲೆ ಒಂದು ಲೋಟ ಬಿಸಿನೀರು ಕುಡಿದು ಮತ್ತೆ ಮೊದಲಿನಿಂದ ಓದುವುದು.

ಪುಣೆಯ ಕೊಂಢವಾ ಎಂಬಲ್ಲಿ, ನಮ್ಮ ಓಣಿಯ ತಿರುವಿನಲ್ಲಿ ಅವರ ಹೋಟೆಲು. ಪುಣೆಯಲ್ಲಿ ಕರಾವಳಿಯ ಹೋಟೆಲಿನವರನ್ನೆಲ್ಲ ಅಣ್ಣ ಎಂದೇ ಕರೆಯುತ್ತಾರೆ, ಮರಾಠಿಯವರೂ ಕೂಡ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನನಗೂ ಅಣ್ಣಾರೇ. ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು, ಸಿಟ್ಟು ಬಂದರೆ ಮಾರಾಯ್ತಿ. ವಿಜಯಪುರದ ಕಡೆಯಿಂದ ನನ್ನ ಗಂಡ ಇಟ್ಟಿಗೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಈ ಊರಿಗೆ ಬಂದರು, ನಾನು ಅಣ್ಣನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಸೇರಿದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಫುಟ್‌ಬಾಲ್ ಅಂದರೆ ಏನು ಎಂದು ಗೊತ್ತಾದದ್ದು ಉಳ್ಳಾಗಡ್ಡಿ ಹೆಚ್ಚುತ್ತ, ಕಣ್ಣು ಒರೆಸಿಕೊಳ್ಳುತ್ತ, ದುಡ್ಡು ತಗೊಳ್ಳುವ ಗಲ್ಲೆಯ ಮೇಲೆ ಕೂತ ಅಣ್ಣನ ಬೈಗುಳ ಕೇಳುತ್ತ.

ಹೋಟೆಲಿನ ಹಿಂದೆಯೇ ಮೈದಾನ. ಅಣ್ಣ ಊರಿಂದ ಬಂದು ಕಪ್ಪು ಬಸಿ ತೊಳೆಯುತ್ತಿದ್ದ ಕಾಲದಿಂದಲೂ ಆ ಕ್ಲಬ್ಬು ಅವರದ್ದು. ಅವರದ್ದು ಅಂದರೆ, ಅದರಲ್ಲಿ ಅವರಿಗೆ ಒಂದು ಕುರ್ಚಿಯೂ ಇರಲಿಲ್ಲ. ಪ್ರೀತಿ ಮಾತ್ರ ಇತ್ತು, ಆ ಪ್ರೀತಿ ಪೂರ್ತಿ ಬೈಗುಳದ ರೂಪದಲ್ಲಿತ್ತು. ಮೊದಲು ಗಂಡು ಹುಡುಗರ ಟೀಮು, ಆಮೇಲೆ ಹುಡುಗಿಯರದ್ದೂ ಶುರುವಾಯಿತು. ಅಂದಿನಿಂದ ಅಣ್ಣನ ಸಿಟ್ಟು ಎರಡು ಪಟ್ಟಾಯಿತು, ಬಿಡುವವರೂ ತರುವವರೂ ಎರಡು ಪಟ್ಟಾದರಲ್ಲ.

ಅವರ ಲೆಕ್ಕದಲ್ಲಿ ಕ್ಲಬ್ಬಿನವರು ಒಂದು ಮಳೆಗಾಲವೂ ಸರಿಯಾದ ಕೆಲಸ ಮಾಡಿದ್ದಿಲ್ಲ. ಬಿಟ್ಟವರೆಲ್ಲ ಬಂಗಾರ, ತಂದವರೆಲ್ಲ ಕಸ. "ಯಾರು ಕೇಳಿದ್ದು ಇವನನ್ನು?" ಎಂದು ಇಡ್ಲಿ ತಿನ್ನುತ್ತಿದ್ದ ಗಿರಾಕಿಯನ್ನೇ ಕೇಳುತ್ತಿದ್ದರು. ಗಿರಾಕಿಗೆ ಏನು ಗೊತ್ತು ಪಾಪ, ಚಟ್ನಿ ಕೇಳಲೂ ಹೆದರುತ್ತಿದ್ದ. ಎಲ್ಲ ಸಲ ಅಣ್ಣನೇ ಸರಿ ಅಂತಲೂ ಅಲ್ಲ. ಒಬ್ಬ ಎತ್ತರದ ಹುಡುಗನನ್ನು ತಂದಾಗ "ಗೋಲು ಹೊಡೆಯಲು ಕರೆಂಟಿನ ಕಂಬ ತಂದಿದ್ದಾರೆ" ಎಂದು ಓಣಿಗೆಲ್ಲ ಸಾರಿದರು. ಆ ಕಂಬ ಆ ವರ್ಷ ಆಟಕ್ಕೊಂದರಂತೆ ಗೋಲು ಹೊಡೆಯಿತು. ಅಣ್ಣ ಸೋತರೇ? "ಅವನು ಚೆಂಡಿಗೆ ಹೊಡೆದದ್ದಲ್ಲ, ಚೆಂಡು ಹೋಗಿ ಅವನಿಗೆ ಹೊಡೆದದ್ದು" ಎಂದರು.

ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ದಿನಾ ಅವರದೇ ಹೋಟೆಲಿಗೆ ಚಹಾ ಕುಡಿಯಲು ಬರುತ್ತಿದ್ದರು. ಕಾರಿನಲ್ಲಿ ಬರುವ ಮನುಷ್ಯ, ಇಸ್ತ್ರಿ ಅಂಗಿ. ಇವರೇ ಬಿಡುವವರು, ಇವರೇ ತರುವವರು. ಮಳೆಗಾಲದಲ್ಲಿ ಅಣ್ಣ ಅವರ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದು ಒಳಗೆ ಹೇಳಿ ಕಳಿಸುತ್ತಿದ್ದರು. ಕೇಳಿದರೆ ಮುಖ ಎತ್ತದೆ, "ಸಕ್ಕರೆಯನ್ನು ಬಿಟ್ಟಿದ್ದೇವೆ ಸಾಹೇಬ್ರೇ, ಹೊಸದು ನೋಡ್ತಾ ಇದ್ದೇವೆ" ಅನ್ನುತ್ತಿದ್ದರು. ಸಾಹೇಬರು ನಗುತ್ತಿದ್ದರು. ಆ ನಗು ನನಗೆ ಆಗಲೂ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ.

ಅಣ್ಣನಿಗೆ ಇಷ್ಟು ಉರಿ ಯಾಕೆ ಅಂದರೆ, ಅವರು ಎಲ್ಲವನ್ನೂ ಹೋಟೆಲಿನ ಕಣ್ಣಿಂದ ನೋಡುವವರು. ಅವರಲ್ಲಿ ಒಂದು ಪದ್ಧತಿ ಇತ್ತು. ದೋಸೆ ಭಟ್ಟರೊಬ್ಬರು ಬಿಟ್ಟು ಹೋಗುವುದಾದರೆ ಹೊಸಬರು ಕೆಲವು ದಿನ ಮೊದಲೇ ಬರಬೇಕು. ಇಬ್ಬರೂ ಒಂದೇ ಒಲೆಯ ಮುಂದೆ ನಿಲ್ಲಬೇಕು. ಕಾವಲಿ ಯಾವ ಮೂಲೆಯಲ್ಲಿ ಹೆಚ್ಚು ಕಾಯುತ್ತದೆ, ಎಲ್ಲಿ ಹಿಟ್ಟು ಹಿಡಿಯುತ್ತದೆ ಎಂದು ಹಳಬರು ತೋರಿಸಬೇಕು. ಕೊನೆಯ ದಿನ ಅವರು ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿ, ಅದನ್ನು ಹೊಸಬರ ಕೈಗೆ ಕೊಡುವುದು. ಹೊಸಬರು ಹೊಯ್ದ ಮೊದಲ ದೋಸೆ ಹಳಬರು ತಿನ್ನುವುದು. ಆಮೇಲೇ ಹೊರಡುವುದು. ಇದಕ್ಕೆ ಕಾವಲಿ ಒಪ್ಪಿಸುವುದು ಅನ್ನುತ್ತಿದ್ದರು. ಒಬ್ಬ ಭಟ್ಟರು ಜಗಳ ಮಾಡಿಕೊಂಡು ಎದುರಿನ ಹೋಟೆಲಿಗೇ ಸೇರಿದರು, ಮುಖ ಕೊಟ್ಟು ಮಾತಿಲ್ಲ. ಅಂಥವರನ್ನೂ ರಸ್ತೆ ದಾಟಿ ಹೋಗಿ ಕರೆತಂದು ಕಾವಲಿ ಒಪ್ಪಿಸಿಕೊಂಡ ಮನುಷ್ಯ ಈ ಅಣ್ಣ. ಆ ಮೊದಲ ದೋಸೆ ತಿನ್ನುವಾಗಲೂ ಇಬ್ಬರೂ ಬೈದಾಡುತ್ತಲೇ ಇದ್ದರು.

ಈಗ ನಮ್ಮ ರೇಣುಕಾಳ ಮಾತಿಗೆ ಬರುತ್ತೇನೆ. ನನ್ನ ಮಗನ ಮಗಳು. ಬರೆಯುತ್ತ ಕೂತರೆ ಆಕೆಯೊಬ್ಬಳದ್ದೇ ಒಂದು ಪುಸ್ತಕವಾದೀತು, ಹಾಗಾಗಿ ಕೈ ಬಿಗಿಹಿಡಿದು ಬರೆಯುತ್ತಿದ್ದೇನೆ. ಆಕೆಯ ಅಂಗೈ ನೋಡಬೇಕು ನೀವು, ಥೇಟ್ ಅವರಜ್ಜನದು, ಇಟ್ಟಿಗೆ ಎತ್ತುವ ಕೈ. ಶಾಲೆಯಲ್ಲಿ ಗೋಲ್‌ಕೀಪರ್ ನಿಂತವಳು ಕಾಲೇಜಿನಲ್ಲೂ ನಿಂತಳು. ಹೋದ ವರ್ಷ ಮಳೆಗಾಲದಲ್ಲಿ ಸೆಕ್ರೆಟರಿ ಸಾಹೇಬರ ಫೋನು ಬಂತು, ಕ್ಲಬ್ಬಿನ ಟೀಮಿಗೆ ಆಕೆಯನ್ನು ತಗೊಂಡಿದ್ದೇವೆ ಎಂದು. ನಾನು ಮನೆಯಲ್ಲಿ ಕೂತಲ್ಲಿ ಕೂಡಲಿಲ್ಲ. ಸೀರೆ ಬದಲಿಸದೆ ಓಡಿ ಪೇಢೆ ತಂದೆ. ಸೀದಾ ಹೋಟೆಲಿಗೆ ಹೋಗಿ ಗಲ್ಲೆಯ ಮೇಲೆ ಡಬ್ಬಿ ತೆರೆದಿಟ್ಟೆ.

ಅಣ್ಣ ಸುದ್ದಿ ಕೇಳಿ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರನ್ನು ತೆಗೆದ್ರು?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ ನೋಡ್ರಿ. ಗೋಲಿನಲ್ಲಿ ಒಬ್ಬರೇ ನಿಲ್ಲುವುದು, ಒಬ್ಬಳು ಬಂದರೆ ಒಬ್ಬಳು ಹೋಗಲೇಬೇಕು. ಅಣ್ಣ ಮೊಬೈಲು ತಿರುವಿ ತೋರಿಸಿದರು. ಟೀಮು ಶುರುವಾದಾಗಿನಿಂದ ಗೋಲಿನಲ್ಲಿ ನಿಂತಿದ್ದ ಮರಾಠಿ ಹುಡುಗಿಯನ್ನು ಬಿಟ್ಟಿದ್ದರು. ಎದುರು ಕರೆದು ಹೇಳಿದ್ದಲ್ಲ. ಫೋನಿಗೆ ಒಂದು ಮೆಸೇಜು.

"ಇದು ತಪ್ಪು ಖರೀದಿ ಅಕ್ಕ. ನಾನು ತಿನ್ನುವುದಿಲ್ಲ" ಎಂದು ಡಬ್ಬಿಯನ್ನು ನನ್ನ ಕಡೆಗೇ ನೂಕಿದರು.

ನನ್ನ ಮೈಗೆ ಬೆಂಕಿ ಬಿತ್ತು. ನನ್ನ ಮೊಮ್ಮಗಳು ಏನು ಬದನೆಕಾಯೇನ್ರಿ, ಖರೀದಿ ಅನ್ನಲಿಕ್ಕೆ ಎಂದು ಕೇಳಿದೆ. ಅಷ್ಟು ವರ್ಷ ಉಪ್ಪು ತಿಂದ ಹೋಟೆಲಿನ ನಡುವೆ ನಿಂತು, ನಿಮಗೆ ಇನ್ನೊಬ್ಬರ ಮನೆಯ ಖುಷಿ ಅರಗುವುದಿಲ್ಲ, ನಿಮ್ಮ ಸಾಂಬಾರಿನಂತೆ ನೀವೂ ಹುಳಿ ಎಂದೆ. ಆಮೇಲೆ ಅವರ ಎದುರಿಗೇ ಒಬ್ಬೊಬ್ಬ ಗಿರಾಕಿಗೂ, ಸಪ್ಲೈಯರುಗಳಿಗೂ, ಒಳಗಿನ ಭಟ್ಟರಿಗೂ ಪೇಢೆ ಹಂಚಿದೆ. ಅಣ್ಣ ಎದ್ದು ಕೈ ತೊಳೆಯಲು ಹೋದವರು ನಾನು ಹೊರಡುವವರೆಗೂ ಕೈ ತೊಳೆದೇ ತೊಳೆದರು.

ಕೆಲಸ ಬಿಡಲಿಲ್ಲ, ಮಾತು ಬಿಟ್ಟೆ. ಉಳ್ಳಾಗಡ್ಡಿ ಮಾತ್ರ ಜೋರಾಗಿ ಹೆಚ್ಚುತ್ತಿದ್ದೆ.

ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಅಭ್ಯಾಸದ ಆಟಗಳು ಶುರುವಾದವು. ನಾನು ಛತ್ರಿ ಹಿಡಿದು ನೋಡಲು ಹೋದೆ. ನೋಡಬಾರದಿತ್ತು ಅನ್ನಿಸಿತು. ರೇಣುಕಾಳ ಕಡೆ ಎತ್ತರಕ್ಕೆ ಚೆಂಡು ಬಂದಾಗಲೆಲ್ಲ ಎಡಗಡೆಯ ಡಿಫೆಂಡರ್ ಹುಡುಗಿ ಅಡ್ಡ ಬರುತ್ತಿದ್ದಳು. ಇವಳು ಬಿಡು ಬಿಡು ಎಂದು ಗಂಟಲು ಹರಿಯುವಂತೆ ಕೂಗಿದರೂ ಆಕೆ ತಿರುಗಿಯೂ ನೋಡದೆ ಬಂದು ಢಿಕ್ಕಿ ಹೊಡೆಯುತ್ತಿದ್ದಳು. ಚೆಂಡು ಇಬ್ಬರ ನಡುವಿನಿಂದ ಜಾರಿ ಗೋಲಿನೊಳಗೆ. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಮನೆಗೆ ಬಂದು ರೇಣುಕಾ ತಾಟು ಸರಿಸಿ ಕೂತಳು. "ಅಜ್ಜಿ, ಆಕಿ ಬೇಕಂತ ಮಾಡ್ತಾಳ. ಹಳೇ ಕೀಪರ್ ಆಕಿ ಗೆಳತಿ. ನನ್ನ ಮಾತ ಯಾರೂ ಕೇಳೂದಿಲ್ಲ ಅಲ್ಲಿ" ಎಂದಳು. ಸೆಕ್ರೆಟರಿ ಸಾಹೇಬರು ಆಗಲೇ ಹೇಳಿ ಬಿಟ್ಟಿದ್ದರು. ಗಣಪತಿ ಹಬ್ಬ ಕಳೆದ ಮೇಲೆ ಮೊದಲ ಮ್ಯಾಚು, ಅದರಲ್ಲೂ ಹೀಗೇ ಆದರೆ ಬೇರೆಯವರನ್ನು ನೋಡುತ್ತೇವೆ ಎಂದು. ತಂದು ಇನ್ನೂ ಕೆಸರು ಆರಿರಲಿಲ್ಲ, ಬಿಡುವ ಮಾತು.

ಮುಂದಿನ ಅಭ್ಯಾಸದ ದಿನ ಅಣ್ಣ ಗೆರೆಯ ಪಕ್ಕ ನಿಂತು ಕೂಗುತ್ತಿದ್ದರು. "ಹಸಿ ಹಿಟ್ಟು ಹೊಯ್ಸಿದ್ದೀರಿ, ಹಸಿ ಹಿಟ್ಟು" ಎಂದು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರು ಹೋಗಿ, ನನ್ನ ಕೂಸಿಗೆ ಬೈಯಲು ನೀವು ಯಾರ್ರಿ ಎಂದು ಕೇಳಿದೆ.

"ಅವಳಿಗೆ ಯಾರು ಬೈದದ್ದು ಮಾರಾಯ್ತಿ?" ಎಂದರು ಅಣ್ಣ. "ನಾನು ಬೈದದ್ದು ಆ ಕುರ್ಚಿಯಲ್ಲಿ ಕೂತವರಿಗೆ. ಕಾವಲಿ ಒಪ್ಪಿಸದೆ ಒಲೆ ಹಚ್ಚಿದ್ದಾರೆ. ಹುಡುಗಿಯ ಕೈ ಸುಡದೆ ಎಂತ ಆಗ್ತದೆ?"

ಹೇಳಿ, ಆಟ ಮುಗಿಯುವ ಮೊದಲೇ ಹೋಟೆಲಿಗೆ ನಡೆದರು. ಆಟದ ನಡುವೆ ಅವರು ಮೈದಾನ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಅಣ್ಣ ಗಲ್ಲೆ ಬಿಟ್ಟು ಹೊರಟರು. ಊಟದ ಹೊತ್ತಿಗೆ ಗಲ್ಲೆ ಬಿಟ್ಟು ಏಳದ ಮನುಷ್ಯ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋದರು. ಹಳೆ ಕೀಪರ್ ಹುಡುಗಿ ಅಲ್ಲಿ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಕೀಲರ ಗುಮಾಸ್ತರ ನಡುವೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ, ನೀನು ಬಂದು ಕಾವಲಿ ಒಪ್ಪಿಸಬೇಕು ಎಂದರಂತೆ. ಆಕೆ ಮಶೀನು ನಿಲ್ಲಿಸಲೂ ಇಲ್ಲ. ನನ್ನನ್ನು ಒಂದು ಮೆಸೇಜಿನಲ್ಲಿ ಬಿಸಾಡಿದ ಕ್ಲಬ್ಬಿಗೆ ನಾನೇನು ಕೊಡಲಿ ಎಂದು ಕೇಳಿದಳು. ಅಣ್ಣ ಕೊಟ್ಟ ಉತ್ತರವನ್ನು ಆಕೆಯೇ ಆಮೇಲೆ ನನಗೆ ಹೇಳಿದ್ದು.

"ಕ್ಲಬ್ಬಿಗೆ ಯಾರು ಕೊಡು ಅಂದದ್ದು? ಕ್ಲಬ್ಬು ಹಾಳಾಗಿ ಹೋಗ್ಲಿ. ಹುಡುಗಿಗೆ ಕೊಡು."

ಭಾನುವಾರ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಆಕೆ ಬಂದಳು. ಅಣ್ಣ ರೇಣುಕಾಳನ್ನೂ ಕರೆಸಿ ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿದರು. ಆಕೆ ಗೋಡೆ ನೋಡುತ್ತ ಮಸಾಲೆ ದೋಸೆ ತಿಂದಳು, ಇವಳು ನೆಲ ನೋಡುತ್ತ ತಿಂದಳು. ಅಣ್ಣ ಮಾತ್ರ ಹೇಗೋ ಏನೋ ಎಂದು ಚಡಪಡಿಸುತ್ತಿದ್ದರು. ದೋಸೆಯಾದರೆ ಗೊತ್ತು, ಗೋಲಿನಲ್ಲಿ ಏನನ್ನು ಒಪ್ಪಿಸುವುದು ಎಂದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಎಲ್ಲರನ್ನೂ ಹಿಂದಿನ ಮೈದಾನಕ್ಕೆ ಕರೆದುಕೊಂಡು ಹೋದರು. ರೇಣುಕಾಳನ್ನು ಗೋಲಿನಲ್ಲಿ ನಿಲ್ಲಿಸಿ, ಚೆಂಡನ್ನು ಹಳೆ ಕೀಪರಿನ ಕಾಲ ಬಳಿ ಇಟ್ಟು, ಗಂಭೀರವಾಗಿ ನಿಯಮ ಹೇಳಿದರು. ಮೊದಲ ದೋಸೆ ಹಳಬರದ್ದು, ಹಾಗೆಯೇ ಮೊದಲ ಗೋಲು ಹಳೆ ಕೀಪರಿನದ್ದು. ಆಕೆ ಹೊಡೆಯಬೇಕು, ರೇಣುಕಾ ಬಿಡಬೇಕು.

ಹಳೆ ಕೀಪರಿನ ಮುಖ ಆಗ ಸಡಿಲಾಯಿತು. "ಅಣ್ಣಾ, ಕೀಪರ್‌ಗೆ ಗೋಲು ಬಿಡು ಅಂತೀರಾ?" ಎಂದು ಮರಾಠಿಯಲ್ಲಿ ಕೇಳಿದಳು. ಪದ್ಧತಿ ಅಂದರೆ ಪದ್ಧತಿ ಎಂದರು ಅಣ್ಣ.

ಆಕೆ ಹೊಡೆದಳು. ಸುಮ್ಮನೆ ಹೊಡೆದದ್ದಲ್ಲ, ಅಷ್ಟು ದಿನದ ಸಿಟ್ಟೆಲ್ಲ ಕಾಲಿಗೆ ತಂದು ಹೊಡೆದಳು. ನನ್ನ ಮೊಮ್ಮಗಳು ಬಿಡುವವಳೇನ್ರಿ? ಕೆಸರಿನಲ್ಲಿ ಅಡ್ಡ ಹಾರಿ ಎರಡೂ ಕೈಯಿಂದ ಹಿಡಿದು, ಎದೆಗೆ ಅವುಚಿಕೊಂಡು ಬಿದ್ದಳು. ಕೂದಲಿನ ತನಕ ಕೆಸರು. ನಾನು ಖುಷಿಗೆ ಛತ್ರಿಯನ್ನೇ ಎಸೆದುಬಿಟ್ಟೆ. ಅಣ್ಣ ತಲೆ ತಲೆ ಚಚ್ಚಿಕೊಂಡು, ಪದ್ಧತಿ ಕೆಡಿಸಿದಳು, ಎಲ್ಲ ಕೆಡಿಸಿದಳು ಎಂದು ಬೈಯತೊಡಗಿದರು.

ಹಳೆ ಕೀಪರ್ ಹೋಗಿ ಇವಳಿಗೆ ಕೈ ಕೊಟ್ಟು ಎಬ್ಬಿಸಿದಳು. ಆಮೇಲೆ ಗೋಲಿನ ಕಂಬಕ್ಕೆ ಒರಗಿ ಮಾತಾಡಿದಳು. ಸಂಜೆಯ ಬಿಸಿಲು ಯಾವ ತುದಿಗೆ ಕಣ್ಣಿಗೆ ಹೊಡೆಯುತ್ತದೆ, ಎಲ್ಲಿ ನೆಲ ತಗ್ಗಾಗಿ ಚೆಂಡು ಪುಟಿಯುವುದಿಲ್ಲ, ಎಲ್ಲ ಹೇಳಿದಳು. ಕೊನೆಗೆ ದನಿ ಇಳಿಸಿ, ಎಡಗಡೆಯ ಡಿಫೆಂಡರಿಗೆ ಕೂಗಬೇಡ ಎಂದಳು. ಆಕೆಗೆ ಬಲಗಿವಿ ಕೇಳಿಸುವುದಿಲ್ಲ. ನೀನು ಕೂಗುವುದು ಬಲಗಡೆಯಿಂದ. ಚೆಂಡು ಗೆರೆಯಾಚೆ ಹೋದಾಗಲೆಲ್ಲ ಆಕೆ ಒಮ್ಮೆ ಹಿಂದೆ ನೋಡುತ್ತಾಳೆ, ಆಗ ಎಡಗೈ ತೋರಿಸು. ಮುಷ್ಟಿ ಕಟ್ಟಿದರೆ ನಾನು ಬರುತ್ತೇನೆ ಎಂದು, ಬಿಚ್ಚಿದರೆ ನೀನೇ ಹೊಡಿ ಎಂದು.

ರೇಣುಕಾ ಬಾಯಿ ತೆರೆದು ನಿಂತಳು. ಬೇಕೆಂದೇ ಢಿಕ್ಕಿ ಹೊಡೆಯುತ್ತಾಳೆ ಎಂದು ನಾವೆಲ್ಲ ಆ ಹುಡುಗಿಗೆ ಶಾಪ ಹಾಕಿದ್ದೆವು. ಕ್ಲಬ್ಬಿನವರಿಗೆ ಇದು ಗೊತ್ತಿಲ್ಲವೇ ಎಂದು ಇವಳು ಕೇಳಿದಳು. ಗೊತ್ತಾದರೆ ಮುಂದಿನ ಮಳೆಗಾಲದಲ್ಲಿ ಆಕೆಯನ್ನು ಬಿಡುತ್ತಾರೆ, ಅದಕ್ಕೇ ಇಷ್ಟು ವರ್ಷ ನಾವಿಬ್ಬರೇ ಕೈಸನ್ನೆಯಲ್ಲಿ ಆಡಿದ್ದು ಎಂದಳು ಹಳೆ ಕೀಪರ್. ನಾನು ಅಣ್ಣನ ಮುಖ ನೋಡಿದೆ. ಬಾಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ, ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ನನ್ನ ಜೀವ ಹಾರಿತು. ಅಣ್ಣ ಹುಡುಗಿಯರ ಹತ್ತಿರ ಹೋಗಿ, "ನನಗೆ ಎಂತದೂ ಕೇಳಿಸಲಿಲ್ಲ, ಗಾಳಿ ಜೋರು ಉಂಟು" ಎಂದು ಹೇಳಿ ಹೋಟೆಲಿಗೆ ನಡೆದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬದುಕಿರುವ ತನಕ ಅವರು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಈಗ ಆ ಹುಡುಗಿಯೇ ಕಿವಿಗೆ ಮಶೀನು ಹಾಕಿಕೊಂಡು ಎಲ್ಲರಿಗೂ ಹೇಳಿದ್ದಾಳೆ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಗಣಪತಿ ಹಬ್ಬ ಕಳೆದು ಮೊದಲ ಮ್ಯಾಚು ಬಂತು. ಸೆಕ್ರೆಟರಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನಗೆ ಆಟ ನೋಡಲಾಗಲಿಲ್ಲ, ರೇಣುಕಾಳ ಎಡಗೈಯನ್ನೇ ನೋಡುತ್ತಿದ್ದೆ. ಎತ್ತರದ ಚೆಂಡು ಬಂತು. ಎಡಗಡೆಯ ಹುಡುಗಿ ಅದಕ್ಕೂ ಮುಂಚೆಯೇ ಆ ಮುಷ್ಟಿ ನೋಡಿದ್ದಳು. ಪಕ್ಕಕ್ಕೆ ಸರಿದಳು. ರೇಣುಕಾ ಮೇಲಕ್ಕೆ ಹಾರಿ ಗಾಳಿಯಲ್ಲೇ ಅದನ್ನು ಹಿಡಿದಳು. ಆ ದಿನ ಎದುರಿನವರಿಗೆ ಒಂದು ಗೋಲೂ ಸಿಗಲಿಲ್ಲ. ಆಟ ಮುಗಿದಾಗ ಎಡಗಡೆಯ ಹುಡುಗಿ ಓಡಿ ಬಂದು ನನ್ನ ಮೊಮ್ಮಗಳ ಕೊರಳಿಗೆ ಬಿದ್ದಳು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಯಾರ್ಯಾರದೋ ಕೈ ಹಿಡಿದು ಅದು ನನ್ನ ಮೊಮ್ಮಗಳು ಎಂದು ಹೇಳುತ್ತಿದ್ದೆ.

ಅಣ್ಣನ ಹತ್ತಿರ ಹೋಗಿ, ಈಗೇನಂತೀರಿ ಎಂದೆ. ಅವರು ಸೆಕ್ರೆಟರಿ ಸಾಹೇಬರ ಕುರ್ಚಿಯ ಕಡೆ ದುರುಗುಟ್ಟಿ ನೋಡುತ್ತಿದ್ದರು.

"ಖರೀದಿ ತಪ್ಪೇ ಅಕ್ಕ. ಆದ್ರೆ ಹಿಡೀತಾಳೆ."

ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಯಾರಿಗೂ ಸಿಕ್ಕಿಲ್ಲ. ಒಳ್ಳೆಯದನ್ನು ಒಳ್ಳೆಯದು ಅಂದರೆ ಕೆಟ್ಟದ್ದನ್ನು ಮಾಡಿದವರು ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರ ಹೆದರಿಕೆ ಇರಬೇಕು. ರೇಣುಕಾ ಆ ವರ್ಷವೆಲ್ಲ ಆಡಿದಳು. ಅಣ್ಣ ವರ್ಷವೆಲ್ಲ ಬೈದರು.

ಈ ವರ್ಷ ಮಳೆ ಶುರುವಾಗುವ ಮೊದಲೇ ಅವರು ಹೋದರು. ಬೆಳಗಿನ ಹೊತ್ತು ಗಲ್ಲೆಯ ಬೀಗ ತೆಗೆದು ಕೂತವರು ಕೂತಂತೆಯೇ. ಹೃದಯ ಅಂದರು ಡಾಕ್ಟರು. ಹದಿಮೂರನೆಯ ದಿನ ಎಲ್ಲರೂ ಸೇರಿದಾಗ ಸೆಕ್ರೆಟರಿ ಸಾಹೇಬರು ಎದ್ದು ನಿಂತು, ಅಣ್ಣ ನಮ್ಮ ಕ್ಲಬ್ಬಿನ ಪ್ರತಿ ನಿರ್ಧಾರಕ್ಕೂ ಬೆಂಬಲವಾಗಿದ್ದರು ಎಂದು ಭಾಷಣ ಮಾಡಿದರು. ಹಿಂದೆ ಕೂತಿದ್ದ ದೋಸೆ ಭಟ್ಟರಿಗೆ ಮೊದಲು ನಗು ಬಂತು. ಆಮೇಲೆ ಅಣ್ಣನ ಹೆಂಡತಿಗೇ ಬಂತು. ಸಾವಿನ ಮನೆ ಎಂಬುದನ್ನೂ ಮರೆತು ಎಲ್ಲರೂ ಸೆರಗು, ಟವೆಲು ಬಾಯಿಗೆ ಒತ್ತಿಕೊಂಡು ನಕ್ಕೆವು. ಸಾಹೇಬರೊಬ್ಬರಿಗೆ ಮಾತ್ರ ಯಾಕೆಂದು ತಿಳಿಯಲಿಲ್ಲ.

ಹೋದ ವಾರ ಕ್ಲಬ್ಬಿನ ಸುದ್ದಿ ಬಂತು. ನಮ್ಮ ರೇಣುಕಾಳನ್ನು ಉಳಿಸಿಕೊಂಡಿದ್ದಾರೆ, ಮೇಲಾಗಿ ಈ ವರ್ಷ ಆಕೆಯೇ ಕ್ಯಾಪ್ಟನ್. ನನ್ನ ಮೊಮ್ಮಗಳು ಕ್ಯಾಪ್ಟನ್. ಖುಷಿಗೆ ಎರಡು ಸಲ ಬರೆದೆ, ತಪ್ಪು ಬಿದ್ದರೆ ತಿದ್ದಿ ಓದಿಕೊಳ್ಳಿರಿ. ಅದೇ ಸುದ್ದಿಯ ಕೆಳಗೆ ಇನ್ನೊಂದು ಇತ್ತು. ಎಡಗಡೆಯ ಡಿಫೆಂಡರ್ ಹುಡುಗಿಯನ್ನು ಬಿಟ್ಟಿದ್ದಾರೆ. ಕಿವಿಯ ವಿಷಯ ತಾನಾಗಿಯೇ ಹೇಳಿದ್ದಕ್ಕೆ ಸಿಕ್ಕ ಬಹುಮಾನ. ಆಕೆಗೂ ಫೋನಿಗೆ ಒಂದು ಮೆಸೇಜು.

ಸಂಜೆ ಹೋಟೆಲಿಗೆ ಹೋದೆ. ಗಲ್ಲೆಯ ಮೇಲೆ ಈಗ ಅಣ್ಣನ ಮಗ ಕೂರುತ್ತಾನೆ, ಒಳ್ಳೆಯ ಹುಡುಗ, ಎಲ್ಲರಿಗೂ ನಕ್ಕು ಮಾತಾಡುತ್ತಾನೆ. ಸೆಕ್ರೆಟರಿ ಸಾಹೇಬರು ಚಹಾ ಕುಡಿಯುತ್ತಿದ್ದರು. ನನ್ನ ಸೊಸೆ ಬರುವಾಗಲೇ ಹೇಳಿದ್ದಳು, ಸುಮ್ಮನಿರ್ರಿ ಅತ್ತಿ, ನಮ್ಮ ಹುಡುಗಿಗೆ ಈಗಷ್ಟೇ ಕ್ಯಾಪ್ಟನ್ ಮಾಡ್ಯಾರ, ಕಸಕೊಂಡಾರು ಎಂದು. ಅದು ನನಗೂ ಗೊತ್ತಿತ್ತು. ಕೊಟ್ಟಷ್ಟೇ ಸಲೀಸಾಗಿ ಅವರು ಕಸಿಯಬಲ್ಲರು. ಕಾರಿನವರ ಎದುರು ದನಿ ಎತ್ತಿದವಳಲ್ಲ ನಾನು. ಅಣ್ಣನ ಅಡುಗೆಮನೆಯಲ್ಲಿ ಕೂತು ಅಷ್ಟು ಮಳೆಗಾಲ ಕೇಳಿಸಿಕೊಳ್ಳದಿದ್ದರೆ, ಅಂಥವರಿಗೆ ತಪ್ಪು ಎಂದು ಹೇಳಬಹುದು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಅವರ ಟೇಬಲ್ಲಿನ ಮುಂದೆ ನಿಂತು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಆ ಹುಡುಗಿಯನ್ನು ಬಿಟ್ಟದ್ದು ತಪ್ಪು, ಮೆಸೇಜಿನಲ್ಲಿ ಬಿಟ್ಟದ್ದು ಇನ್ನೂ ದೊಡ್ಡ ತಪ್ಪು, ಆಕೆಯನ್ನು ಎದುರು ಕರೆಯಿರಿ ಎಂದು.

ಸಾಹೇಬರು ಅದೇ ನಗು ನಕ್ಕರು. "ಅಜ್ಜಿ, ನಿಮ್ಮ ಹುಡುಗಿಯನ್ನು ಇಟ್ಟುಕೊಂಡಿದ್ದೇವಲ್ಲ" ಎಂದರು.

"ಅದಕ್ಕೇ ಹೇಳಾಕತ್ತೀನ್ರಿ, ಬಿಟ್ಟವರ ಮಾತ ನೀವು ಕೇಳೂದಿಲ್ಲಲ್ಲ" ಎಂದೆ ನಾನು.